ಮನೆಯಲ್ಲಿ ಕಾಣದ ಅಪ್ಪ-ಅಮ್ಮ ದಾರಿಯಲ್ಲಿ ಕಂಡರು: ಟ್ಯಾಗೋರ್, ವುಲ್ಫ್, ಅಂಬೇಡ್ಕರ್ ಬರೆದಿಟ್ಟ ಪ್ರಯಾಣಗಳು

ನಮ್ಮ ಕಡೆ ಮನೆಯಲ್ಲಿ ಹಿರಿಯರು ತೀರಿಕೊಂಡರೆ, ಅಳುವಿನ ನಡುವೆಯೇ ಯಾರಾದರೊಬ್ಬರು ಒಂದು ಕೆಲಸಕ್ಕೆ ಕೂರಬೇಕಾಗುತ್ತದೆ. ಫೋಟೊ ಹುಡುಕುವ ಕೆಲಸ. ಪತ್ರಿಕೆಗೆ ಒಂದು, ಬೀದಿ ತುದಿಯ ಫ್ಲೆಕ್ಸ್‌ಗೆ ಒಂದು, ತಿಥಿಯ ಹೊತ್ತಿಗೆ ಫ್ರೇಮ್ ಹಾಕಿಸಿ ಹಾರ ಹಾಕಲು ಒಂದು. ಆಗ ಗೊತ್ತಾಗುತ್ತದೆ, ಮೂವತ್ತು ನಲವತ್ತು ವರ್ಷ ಒಂದೇ ಸೂರಿನಡಿ ಇದ್ದ ಮನುಷ್ಯರದು ಮನೆಯೊಳಗೆ ತೆಗೆದ ಒಂದು ಸರಿಯಾದ ಫೋಟೊ ಇಲ್ಲ ಅಂತ. ಅಮ್ಮನದಂತೂ ಇರುವುದೇ ಕಡಿಮೆ. ಇದ್ದರೂ ಯಾರದೋ ನಾಮಕರಣದಲ್ಲಿ ತಟ್ಟೆ ಹಿಡಿದು, ಹಿಂದಿನ ಸಾಲಿನಲ್ಲಿ ಅರ್ಧ ಮುಖ. ಕೊನೆಗೆ ಕೈಗೆ ಸಿಗುವುದು ಯಾವುದೋ ಪ್ರವಾಸದ ಫೋಟೊ. ಬೇಲೂರೋ ಜೋಗವೋ ಮುರುಡೇಶ್ವರವೋ. ಸ್ಟುಡಿಯೊದವನು ಬೆನ್ನ ಹಿಂದಿದ್ದ ಜಲಪಾತ ಅಳಿಸಿ ತಿಳಿನೀಲಿ ಬಣ್ಣ ತುಂಬಿಕೊಡುತ್ತಾನೆ. ಗೋಡೆಯ ಮೇಲೆ ಉಳಿಯುವುದು ಜೋಗ ನೋಡಿ ಖುಷಿಯಾಗಿದ್ದ ಅಪ್ಪನ ಮುಖ. ಜೋಗ ಮಾತ್ರ ಇರುವುದಿಲ್ಲ.

ಇದು ಬರೀ ಕ್ಯಾಮೆರಾದ ವಿಷಯ ಅಲ್ಲ. ನೆನಪಿನದೂ ಇದೇ ಕತೆ. ಹೆತ್ತವರ ಬಗ್ಗೆ ದೊಡ್ಡ ಬರಹಗಾರರು ಬರೆದದ್ದನ್ನು ಓದುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಲ್ಲಿ ಎದ್ದು ಕಾಣುವ ಎಷ್ಟೋ ದೃಶ್ಯಗಳು ಮನೆಯ ಪಡಸಾಲೆಯವಲ್ಲ. ರೈಲಿನವು, ಸ್ಟೇಷನ್ನಿನವು, ಬೇಸಿಗೆಗೆ ಹಿಡಿದ ಬಾಡಿಗೆ ಮನೆಯವು. ವರ್ಷಗಟ್ಟಲೆ ಜೊತೆಯಲ್ಲಿ ಉಂಡು ಮಲಗಿದ ಮನೆಗಿಂತ ಕೆಲವೇ ದಿನಗಳ ಪ್ರಯಾಣ ಯಾಕೆ ಇಷ್ಟು ಗಟ್ಟಿಯಾಗಿ ಉಳಿಯುತ್ತದೆ?

ಅರ್ಧ ಉತ್ತರ ಸರಳ. ದಿನವೂ ನಡೆಯುವುದು ಒಂದರ ಮೇಲೊಂದು ಕೂತು ಕೊನೆಗೆ ಒಂದೇ ದಿನವಾಗಿಬಿಡುತ್ತದೆ. ಅಮ್ಮ ಬಡಿಸಿದ ಸಾವಿರಾರು ಊಟ ನೆನಪಿನಲ್ಲಿ ಒಂದು ಊಟವಾಗಿ ಉಳಿಯುತ್ತದೆ. ಯಾವತ್ತೋ ಒಮ್ಮೆ ನಡೆದದ್ದು ಮಾತ್ರ ಬೇರೆಯಾಗಿ ನಿಲ್ಲುತ್ತದೆ. ನೆನಪಿನ ಬಗ್ಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞರು ಇದನ್ನು ಬಹಳ ಹಿಂದಿನಿಂದಲೂ ಹೇಳಿದ್ದಾರೆ. ಆದರೆ ಉಳಿದರ್ಧ ಉತ್ತರ ಇನ್ನೂ ಮುಖ್ಯದ್ದು ಅನ್ನಿಸುತ್ತದೆ. ಮನೆಯಲ್ಲಿ ಅಪ್ಪ ಅಂದರೆ ಒಂದು ಪಾತ್ರ, ಅಮ್ಮ ಅಂದರೆ ಒಂದು ಕೆಲಸ. ಆ ಪಾತ್ರದ ಹಿಂದೆ ಮನುಷ್ಯ ಕಾಣುವುದಿಲ್ಲ. ಬಸ್ಸು ಹತ್ತಿದ ಮೇಲೆ ಅಪ್ಪ ಬರೀ ಅಪ್ಪ ಅಲ್ಲ. ಕಂಡಕ್ಟರ್ ಎದುರು ಚಿಲ್ಲರೆಗೆ ತಡಕಾಡುವವನು, ದಾರಿ ಗೊತ್ತಿಲ್ಲದೆ ಯಾರನ್ನೋ ವಿಚಾರಿಸುವವನು, ಕಿಟಕಿ ಪಕ್ಕ ಕೂತರೆ ಹಳೇ ಹಾಡು ಗುನುಗುವವನು. ಮಗು ಅವನನ್ನು ಮೊದಲ ಸಲ ಹೊರಗಿನಿಂದ ನೋಡುತ್ತದೆ.

ಇದಕ್ಕೆ ರವೀಂದ್ರನಾಥ ಟ್ಯಾಗೋರರಿಗಿಂತ ಒಳ್ಳೆ ಸಾಕ್ಷಿ ಸಿಗುವುದು ಕಷ್ಟ.

ಹಾಫ್ ಟಿಕೆಟ್ ಮತ್ತು ಚಿನ್ನದ ಗಡಿಯಾರ

1873ನೇ ಇಸವಿ. ಹುಡುಗನಿಗೆ ಇನ್ನೂ ಹನ್ನೆರಡು ತುಂಬಿಲ್ಲ. ಆಗಷ್ಟೇ ಮುಂಜಿಯಾಗಿ ತಲೆ ಬೋಳಿಸಿದ್ದಾರೆ. ಈ ಬೋಳುತಲೆ ಹೊತ್ತು ಶಾಲೆಗೆ ಹೋದರೆ ಹುಡುಗರು ಸುಮ್ಮನೆ ಬಿಡ್ತಾರಾ ಅನ್ನುವ ಚಿಂತೆಯಲ್ಲಿದ್ದಾಗ ಅಪ್ಪ ಕರೆಸಿ, ನನ್ನ ಜೊತೆ ಹಿಮಾಲಯಕ್ಕೆ ಬರ್ತೀಯಾ ಅಂತ ಕೇಳುತ್ತಾರೆ.

ಈ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ಆ ಮನೆ ಹೇಗಿತ್ತು ಅಂತ ತಿಳಿದಿರಬೇಕು. ಕಲ್ಕತ್ತೆಯ ಜೋಡಾಸಾಂಕೋದ ಆ ದೊಡ್ಡ ಮನೆಯಲ್ಲಿ ರವೀಂದ್ರ ಕೊನೆಕೊನೆಯ ಮಗು. ಬೆಳೆದದ್ದು ಆಳುಗಳ ಕೈಯಲ್ಲಿ. ತಂದೆ ದೇವೇಂದ್ರನಾಥರು ಬ್ರಹ್ಮಸಮಾಜದ ಮುಂದಾಳು, ಜನ 'ಮಹರ್ಷಿ' ಅಂತ ಕರೆಯುತ್ತಿದ್ದವರು. ಸದಾ ಸಂಚಾರದಲ್ಲೇ ಇರುತ್ತಿದ್ದರು. ಯಾವಾಗಲಾದರೂ ಮನೆಗೆ ಬಂದರೆ ಇಡೀ ಮನೆ ಉಸಿರು ಬಿಗಿಹಿಡಿದ ಹಾಗೆ. ಮಕ್ಕಳು ಸದ್ದು ಮಾಡುವಂತಿಲ್ಲ, ಆ ಕಡೆ ಇಣುಕುವಂತಿಲ್ಲ. ಅಂಥ ಅಪ್ಪ, ಅಷ್ಟು ಮಕ್ಕಳಲ್ಲಿ ಇವನೊಬ್ಬನನ್ನು ಕರೆದುಕೊಂಡು ತಿಂಗಳುಗಟ್ಟಲೆ ಹೊರಟುಬಿಟ್ಟರು.

ಮಗನಿಗೆ ಹೊಸ ಬಟ್ಟೆ ಹೊಲಿಸಿದರು, ಜರಿ ಕೆಲಸದ ಮಖಮಲ್ ಟೋಪಿ ಮಾಡಿಸಿದರು. ಬೋಳುತಲೆಯ ಮೇಲೆ ಟೋಪಿ ಇಡಲು ಹುಡುಗನಿಗೆ ಸಂಕೋಚ, ಕೈಯಲ್ಲಿ ಹಿಡಿದುಕೊಂಡ. ಅಪ್ಪ ತಲೆಗೆ ಹಾಕಿಸಿದರು. ಮೊದಲ ನಿಲ್ದಾಣ ಬೋಲ್ಪುರ, ಅಲ್ಲಿನ ಶಾಂತಿನಿಕೇತನ. ಆಗ ಅದು ಬಯಲಿನ ನಡುವೆ ದೇವೇಂದ್ರನಾಥರು ಧ್ಯಾನಕ್ಕೆಂದು 1863ರಲ್ಲಿ ಪಡೆದಿದ್ದ ಜಾಗ, ಅಷ್ಟೆ. ಸಂಜೆ ಹೊತ್ತಿಗೆ ತಲುಪಿದರು. ಹುಡುಗ ಪಲ್ಲಕ್ಕಿಯಲ್ಲಿ ಕಣ್ಣು ಮುಚ್ಚಿ ಕೂತ. ಕತ್ತಲಲ್ಲಿ ಅರೆಬರೆ ನೋಡಿಬಿಟ್ಟರೆ ನಾಳೆ ಬೆಳಗಿನ ಮಜಾ ಹಾಳಾಗುತ್ತಲ್ಲ, ಅದಕ್ಕೆ!

ಮಳೆನೀರು ಕೊರೆದ ಕೆಂಪು ಮಣ್ಣಿನ ಹಳ್ಳಗಳಲ್ಲಿ ಅಲೆದು ಅಂಗಿಯ ಮಡಿಲು ತುಂಬ ಬಗೆಬಗೆಯ ಕಲ್ಲು ತಂದು ಅಪ್ಪನ ಮುಂದೆ ಸುರಿದ. ಇದೆಲ್ಲ ಎಂಥದ್ದು ಬಿಸಾಕು ಅನ್ನಲಿಲ್ಲ ಅವರು. ಕೆರೆ ತೋಡಿದ ಮಣ್ಣಿನ ದಿಬ್ಬದ ಮೇಲೆ ಕೂತು ತಾವು ಪ್ರಾರ್ಥನೆ ಮಾಡುತ್ತಿದ್ದರಲ್ಲ, ಅದನ್ನು ಈ ಕಲ್ಲುಗಳಿಂದ ಅಲಂಕರಿಸು ಅಂದರು. ಹಳ್ಳದಲ್ಲಿ ಒಂದು ಒರತೆ ಕಂಡೆ ಅಂತ ಹುಡುಗ ಓಡಿ ಬಂದರೆ, ಹಾಗಾದರೆ ನಮ್ಮ ಕುಡಿಯೋ ನೀರು ಅಲ್ಲಿಂದಲೇ ತರಿಸೋಣ ಅಂದರು. ಚಿಲ್ಲರೆ ದುಡ್ಡಿನ ಲೆಕ್ಕ ಇಡುವ ಕೆಲಸ ಕೊಟ್ಟರು. ತಮ್ಮ ಬೆಲೆಬಾಳುವ ಚಿನ್ನದ ಗಡಿಯಾರಕ್ಕೆ ಕೀ ಕೊಡುವ ಜವಾಬ್ದಾರಿಯೂ ಇವನದೇ. ಹುಡುಗ ಎಷ್ಟು ಶ್ರದ್ಧೆಯಿಂದ ಕೀ ಕೊಟ್ಟನೆಂದರೆ ಗಡಿಯಾರ ರಿಪೇರಿಗೆ ಕಲ್ಕತ್ತೆಗೆ ಹೋಯಿತು. ಲೆಕ್ಕವೂ ಅಷ್ಟೆ. ಒಂದು ದಿನ ಕೂಡಿಸಿ ನೋಡಿದರೆ ಇರಬೇಕಾದ್ದಕ್ಕಿಂತ ಹೆಚ್ಚು ದುಡ್ಡು ಉಳಿದಿತ್ತು. ನಿನ್ನನ್ನೇ ಖಜಾಂಚಿ ಮಾಡಿಕೊಳ್ಳಬೇಕು ಅಂತ ಅಪ್ಪ ತಮಾಷೆ ಮಾಡಿದರಂತೆ. ಮನೆಯಲ್ಲಿ ಯಾರ ನೆರಳಿಗೆ ಹೆದರುತ್ತಿದ್ದರೋ ಆ ಮಹರ್ಷಿ, ತಮಾಷೆ ಮಾಡುತ್ತಿದ್ದಾರೆ.

ಮುಂದೆ ಅಮೃತಸರದ ದಾರಿಯಲ್ಲಿ ಒಂದು ದೊಡ್ಡ ಸ್ಟೇಷನ್ನಿನಲ್ಲಿ ಟಿಕೆಟ್ ನೋಡುವವನು ಬಂದ. ಹುಡುಗನದು ಹಾಫ್ ಟಿಕೆಟ್, ಆದರೆ ವಯಸ್ಸಿಗಿಂತ ದೊಡ್ಡವನಾಗಿ ಕಾಣುತ್ತಾನೆ. ಅವನು ಹೋಗಿ ಇನ್ನೊಬ್ಬನನ್ನು ಕರೆತಂದ, ಕೊನೆಗೆ ಸ್ಟೇಷನ್ ಮಾಸ್ಟರೇ ಬಂದ. ಹನ್ನೆರಡು ದಾಟಿಲ್ಲವೇ? ಇಲ್ಲ ಎಂದರು ದೇವೇಂದ್ರನಾಥರು. ನಂಬಲಿಲ್ಲ, ಪೂರ್ತಿ ದುಡ್ಡು ಕೊಡಿ ಅಂದ. ಅವರು ಮಾತಾಡದೆ ನೋಟು ಕೊಟ್ಟರು. ಚಿಲ್ಲರೆ ವಾಪಸ್ ಬಂದಾಗ ಅದನ್ನು ತೆಗೆದುಕೊಂಡು ಪ್ಲಾಟ್‌ಫಾರಂ ಮೇಲೆ ಎಸೆದುಬಿಟ್ಟರು. ಕಲ್ಲಿನ ಮೇಲೆ ನಾಣ್ಯ ಠಣಗುಟ್ಟಿದ ಸದ್ದು ಮಗನ ಕಿವಿಯಲ್ಲಿ ಉಳಿಯಿತು. ನಾಲ್ಕು ಕಾಸು ಉಳಿಸಲು ಈ ಮನುಷ್ಯ ಸುಳ್ಳು ಹೇಳಬಹುದು ಎಂಬ ಅನುಮಾನವೇ ತಂದೆಗೆ ಅವಮಾನವಾಗಿತ್ತು ಎಂಬುದು ಅವನಿಗೆ ಅರ್ಥವಾಯಿತು. (ನಮ್ಮಲ್ಲಿ ಹಾಫ್ ಟಿಕೆಟ್ ಕತೆ ಸಾಮಾನ್ಯವಾಗಿ ಉಲ್ಟಾ. ಅಪ್ಪ-ಅಮ್ಮ ಸುಳ್ಳು ಹೇಳುವುದನ್ನು ಮಕ್ಕಳು ಮೊದಲ ಸಲ ನೋಡುವುದೇ ಕಂಡಕ್ಟರ್ ಎದುರು, 'ಇನ್ನೂ ಆರು ತುಂಬಿಲ್ಲ ಸಾರ್' ಅಂದಾಗ. ಅದೂ ಹೆತ್ತವರನ್ನು ಅರಿಯುವ ಒಂದು ದಾರಿಯೇ.)

ಅಮೃತಸರದ ಸ್ವರ್ಣಮಂದಿರದಲ್ಲಿ ದೇವೇಂದ್ರನಾಥರು ಸಿಖ್ಖರ ನಡುವೆ ಕೂತು ಅವರ ಭಜನೆಗೆ ದನಿಗೂಡಿಸುತ್ತಿದ್ದರು. ಸಂಜೆ ಜಗುಲಿಯಲ್ಲಿ ಮಗನನ್ನು ಕರೆದು ಹಾಡಿಸುತ್ತಿದ್ದರು. ಆಮೇಲೆ ಡಾಲ್‌ಹೌಸಿ, ಬಕ್ರೋಟಾ ಗುಡ್ಡದ ತುದಿಯ ಮನೆ. ನಸುಕಿಗೆ ಎಬ್ಬಿಸಿ ಸಂಸ್ಕೃತ ಪಾಠ, ಕೊರೆಯುವ ತಣ್ಣೀರಿನ ಸ್ನಾನ. ಆದರೆ ಹಗಲು ಕಬ್ಬಿಣದ ಮೊನೆಯ ಕೋಲು ಹಿಡಿದು ಹುಡುಗ ಒಬ್ಬನೇ ದೇವದಾರು ಕಾಡಿನಲ್ಲಿ ಎಲ್ಲಿ ಬೇಕಾದರೂ ಅಲೆಯಬಹುದು. ಬೀಳ್ತೀಯ, ಹುಷಾರು, ದೂರ ಹೋಗಬೇಡ ಅನ್ನುವ ಮಾತಿಲ್ಲ. ರಾತ್ರಿ ಆಕಾಶ ತಿಳಿಯಾಗಿದ್ದರೆ ಅಪ್ಪ ನಕ್ಷತ್ರಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು.

ಇದನ್ನೆಲ್ಲ ಟ್ಯಾಗೋರ್ ಯಾವಾಗ ಬರೆದರು ಅನ್ನುವುದು ಗಮನಿಸಬೇಕಾದ ಸಂಗತಿ. 'ಜೀವನಸ್ಮೃತಿ' ಪುಸ್ತಕವಾಗಿ ಬಂದದ್ದು 1912ರಲ್ಲಿ. ಪ್ರಯಾಣವಾಗಿ ಸುಮಾರು ನಲವತ್ತು ವರ್ಷ ಕಳೆದಿತ್ತು. ದೇವೇಂದ್ರನಾಥರು 1905ರ ಜನವರಿಯಲ್ಲಿ ತೀರಿಕೊಂಡಿದ್ದರು. ಬರೆಯುತ್ತಿರುವವರಿಗೆ ಐವತ್ತು ವಯಸ್ಸು, ತಾವೂ ಮಕ್ಕಳನ್ನು ಬೆಳೆಸಿ, ಕೆಲವರನ್ನು ಕಳೆದುಕೊಂಡಿದ್ದ ತಂದೆ. ಸಮಾಜ ಸುಧಾರಕ, ಧರ್ಮಗುರು ದೇವೇಂದ್ರನಾಥರ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದರು. ಮಗ ಬರೆದದ್ದು ಗಡಿಯಾರ, ಕಲ್ಲು, ಟೋಪಿ, ನಾಣ್ಯಗಳ ಬಗ್ಗೆ. ಆ ಮಹರ್ಷಿ ಇವತ್ತಿನ ಓದುಗನಿಗೂ ಮನುಷ್ಯನಾಗಿ ಕಾಣುತ್ತಾರೆ ಅಂದರೆ ಅದಕ್ಕೆ ಕಾರಣ ಈ ಸಣ್ಣಪುಟ್ಟ ಸಾಮಾನುಗಳು.

ನೆನಪು ಬರೀ ಪುಸ್ತಕದಲ್ಲೂ ನಿಲ್ಲಲಿಲ್ಲ. ಕಲ್ಲು ಆಯ್ದ ಅದೇ ಬಯಲಿನಲ್ಲಿ 1901ರ ಡಿಸೆಂಬರ್‌ನಲ್ಲಿ ಟ್ಯಾಗೋರ್ ಶಾಲೆ ತೆರೆದರು. ಗೋಡೆಯಿಲ್ಲದ, ಮರದಡಿಯ, ಮಕ್ಕಳನ್ನು ಅಲೆಯಲು ಬಿಡುವ ಶಾಲೆ. ಅದರ ಹಿಂದಿನ ಶಿಕ್ಷಣ ಚಿಂತನೆಯ ಬಗ್ಗೆ ದೊಡ್ಡ ದೊಡ್ಡ ಗ್ರಂಥಗಳು ಬಂದಿವೆ. ನನಗಂತೂ ಅದರಲ್ಲಿ ಕೋಲು ಕೊಟ್ಟು ಕಾಡಿಗೆ ಬಿಟ್ಟ ಅಪ್ಪನೇ ಹೆಚ್ಚು ಕಾಣುತ್ತಾರೆ. 1937ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಮಕ್ಕಳಿಗೂ ಸಾಮಾನ್ಯ ಓದುಗರಿಗೂ ವಿಜ್ಞಾನ ತಿಳಿಸಲು 'ವಿಶ್ವಪರಿಚಯ' ಬರೆದಾಗ, ಡಾಲ್‌ಹೌಸಿಯಲ್ಲಿ ನಕ್ಷತ್ರ ತೋರಿಸಿದ ತಂದೆಯನ್ನು ಮುನ್ನುಡಿಯಲ್ಲಿ ಮತ್ತೆ ನೆನೆದರು.

ನಮ್ಮ ಕಾರವಾರಕ್ಕೂ ಈ ಕತೆಯಲ್ಲಿ ಪಾಲಿದೆ. 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರ ಅಲ್ಲಿಗೆ ಬಂದರು. ಅಣ್ಣ ಸತ್ಯೇಂದ್ರನಾಥ ಅಲ್ಲಿ ನ್ಯಾಯಾಧೀಶರಾಗಿದ್ದರು. ಅರ್ಧಚಂದ್ರದಂತಿರುವ ಕೊಲ್ಲಿ, ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ ಬೆಳದಿಂಗಳಲ್ಲಿ ವಾಪಸಾದದ್ದು, ದೋಣಿಯಿಂದಿಳಿದು ಮರಳ ಮೇಲೆ ನಡೆದು ಮನೆ ಸೇರಿದ್ದು, ಎಲ್ಲ 'ಜೀವನಸ್ಮೃತಿ'ಯಲ್ಲಿದೆ. ಕಾರವಾರದವರು ಇದನ್ನು ಮರೆತಿಲ್ಲ, ಕಡಲತೀರಕ್ಕೆ ಅವರ ಹೆಸರೇ ಇದೆ. ಆದರೆ ಅಲ್ಲಿ ಅವರು ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ'ದ ಬಗ್ಗೆ ನಾವು ಅಷ್ಟಾಗಿ ಮಾತಾಡುವುದಿಲ್ಲ. ಲೋಕದ ನಂಟನ್ನೆಲ್ಲ ಕಡಿದುಕೊಂಡೆ ಅಂತ ಬೀಗುವ ಒಬ್ಬ ಸನ್ಯಾಸಿ. ಯಾರೂ ಇಲ್ಲದ ಒಂದು ಅನಾಥ ಹುಡುಗಿ ಬಂದು ಅವನನ್ನು ಅಪ್ಪಾ ಅಂತ ಕರೆಯುತ್ತಾಳೆ. ಅವನ ವೈರಾಗ್ಯ ಅಲ್ಲಾಡುತ್ತದೆ. ಇದನ್ನು ಸೀಮ-ಅಸೀಮದ ತತ್ವವಾಗಿ ನೋಡುವುದು ರೂಢಿ, ಟ್ಯಾಗೋರರೂ ಹಾಗೇ ವಿವರಿಸಿದ್ದಾರೆ. ಆದರೆ ಸದಾ ಮನೆಬಿಟ್ಟು ಹಿಮಾಲಯದಲ್ಲಿರುತ್ತಿದ್ದ ಮಹರ್ಷಿಯ ಮಗ ಬರೆದ ನಾಟಕ ಇದು ಅಂತ ನೆನಪಿಟ್ಟುಕೊಂಡು ಓದಿದರೆ ಬೇರೇನೋ ಕೇಳಿಸುತ್ತದೆ. ಇದು ನನ್ನ ಓದು, ಒಪ್ಪಲೇಬೇಕೆಂದಿಲ್ಲ.

ಪ್ರಯಾಣವೇ ಇಲ್ಲದ ಅಮ್ಮ

ಹಿಮಾಲಯದಿಂದ ವಾಪಸ್ ಬಂದ ಹುಡುಗ ಮನೆಯಲ್ಲಿ ಹೀರೊ. ಸಂಜೆ ತಾರಸಿಯ ಮೇಲೆ ತಾಯಿ ಶಾರದಾದೇವಿ ಮನೆಯ ಹೆಂಗಸರೊಂದಿಗೆ ಕೂತಾಗ ಇವನದೇ ಕತೆ. ಕಲಿತು ಬಂದಿದ್ದ ವಾಲ್ಮೀಕಿ ರಾಮಾಯಣದ ತುಣುಕನ್ನು ಅಮ್ಮನಿಗೆ ಓದಿ ಹೇಳಿ ಹೆಮ್ಮೆಪಟ್ಟ. ಅದಾಗಿ ಎರಡು ವರ್ಷಕ್ಕೆ, 1875ರಲ್ಲಿ, ಅವರು ತೀರಿಕೊಂಡರು.

ಅಂತಃಪುರದ ಆ ಹೆಣ್ಣಿನ ಪಾಲಿಗೆ ಹಿಮಾಲಯ ಬಂದದ್ದು ಮಗನ ಬಾಯಿಂದ. ಅಪ್ಪನದು ಹಿಮಾಲಯದಷ್ಟು ನೆನಪು, ಅಮ್ಮನದು ತಾರಸಿಯಷ್ಟು. ಇದು ಪ್ರೀತಿಯ ಹೆಚ್ಚುಕಡಿಮೆ ಅಲ್ಲ. ಯಾರಿಗೆ ಹೊಸ್ತಿಲು ದಾಟುವ ಅವಕಾಶ ಇತ್ತು ಅನ್ನುವ ಪ್ರಶ್ನೆ. ನೆನಪಿನ ಸಾಹಿತ್ಯದಲ್ಲಿ ಅಪ್ಪಂದಿರು ಊರೂರು ತಿರುಗುವುದೂ, ಅಮ್ಮಂದಿರು ಒಲೆ ಮುಂದೆಯೇ ಕೂತಿರುವುದೂ ಇದೇ ಕಾರಣಕ್ಕೆ. ಅಮ್ಮನ ಬಗ್ಗೆ ಬರೆಯಲು ಕೂತವರಿಗೆ ಅಡುಗೆಯ ಪರಿಮಳ, ಸೀರೆಯ ಸೆರಗು ಬಿಟ್ಟು ಬೇರೆ ವಿವರ ಸಿಗದಿರುವುದೂ ಇದಕ್ಕೇ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಕೇಳಿಬಂದ ಕೊಂಕು ನೆನಪಿದೆಯಲ್ಲ? ಕೆಲಸ ಇಲ್ಲದವರು ಧರ್ಮಸ್ಥಳ ಸುತ್ತುತ್ತಾರೆ, ಸುಮ್ಮನೆ ಸೀಟು ತುಂಬಿಸುತ್ತಾರೆ ಅಂತ. ಯೋಜನೆಯ ಹಣಕಾಸಿನ ಬಗ್ಗೆ ಚರ್ಚೆ ಬೇಕಾದಷ್ಟು ಇರಲಿ. ಆದರೆ 'ಸುಮ್ಮನೆ ಸುತ್ತುವುದು' ಅನ್ನುವ ಆ ಮಾತು ಇದೆಯಲ್ಲ, ಗಂಡಸರ ತಿರುಗಾಟಕ್ಕೆ ಅದನ್ನು ಯಾರೂ ಬಳಸಲ್ಲ. ಆ ಬಸ್ಸುಗಳಲ್ಲಿ ಅಮ್ಮನ ಪಕ್ಕ, ಅಜ್ಜಿಯ ತೊಡೆಯ ಮೇಲೆ ಕೂತ ಮಕ್ಕಳಿದ್ದಾರೆ. ಯಾರನ್ನೂ ಕೇಳದೆ ಅಮ್ಮ ತಾನೇ ಬಸ್ಸಿನ ಬೋರ್ಡು ಓದಿ, ತಾನೇ ಸೀಟು ಹಿಡಿದು, ಪಕ್ಕದವರೊಂದಿಗೆ ಹರಟುತ್ತಾ ಹೋಗುವುದನ್ನು ಅವು ನೋಡುತ್ತಿವೆ. ಆ ಮಕ್ಕಳು ಮುಂದೆ ಬರೆಯುವ ಅಮ್ಮ ಬೇರೆ ಥರ ಇರುತ್ತಾಳೆ.

ರೈಲು ಯಾವ ಕಡೆ ಹೋಗುತ್ತಿತ್ತು?

ಅಮ್ಮ ಪ್ರಯಾಣದಲ್ಲಿ ಜೊತೆಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ ಅವರ ಬದುಕೇ ಉದಾಹರಣೆ. ಅವರು ಹುಟ್ಟಿದ್ದು 1882ರಲ್ಲಿ. ಲಂಡನ್ನಿನ ಮನೆಯಲ್ಲಿ ಎಂಟು ಮಕ್ಕಳು, ಬಂದುಹೋಗುವವರು, ಕಾಯಿಲೆಯವರು. ತಾಯಿ ಜೂಲಿಯಾ ಸ್ಟೀಫನ್ ಎಲ್ಲರಿಗೂ ಬೇಕು. ಅಮ್ಮನ ಜೊತೆ ತಾನೊಬ್ಬಳೇ ಕೆಲವು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೂತ ನೆನಪೇ ಇಲ್ಲ, ಯಾರಾದರೂ ನಡುವೆ ಬಂದೇ ಬರುತ್ತಿದ್ದರು ಅಂತ ವುಲ್ಫ್ ಮುಂದೆ ಬರೆದರು. ನಮ್ಮ ಕೂಡುಕುಟುಂಬಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಪ್ರತಿ ಬೇಸಿಗೆ ಇಡೀ ಸಂಸಾರ ರೈಲು ಹತ್ತಿ ಕಾರ್ನ್‌ವಾಲ್‌ನ ಕಡಲೂರು ಸೇಂಟ್ ಐವ್ಸ್‌ಗೆ ಹೋಗುತ್ತಿತ್ತು. ಅಲ್ಲಿ ತಂದೆ ಲೆಸ್ಲಿ ಸ್ಟೀಫನ್ ಹಿಡಿದಿದ್ದ ಟ್ಯಾಲಂಡ್ ಹೌಸ್, ಕೊಲ್ಲಿಯಾಚೆ ಗಾಡ್ರೇವಿ ದೀಪಸ್ತಂಭ. 1895ರ ಮೇ 5ರಂದು ಜೂಲಿಯಾ ತೀರಿಕೊಂಡರು. ವರ್ಜೀನಿಯಾಗೆ ಹದಿಮೂರು. ಆ ಬೇಸಿಗೆಯಿಂದ ಸೇಂಟ್ ಐವ್ಸ್ ನಿಂತುಹೋಯಿತು. ಅಮ್ಮನ ಜೊತೆಗೇ ಆ ಜಾಗವೂ ಹೋಯಿತು ಅನ್ನಬೇಕು. ಅಪ್ಪನೂ ಹೋದ ಮೇಲೆ, 1905ರಲ್ಲಿ, ಒಡಹುಟ್ಟಿದ ನಾಲ್ವರು ಮತ್ತೆ ಅಲ್ಲಿಗೆ ಹೋಗಿ ಆ ಊರಿನಲ್ಲಿ ಓಡಾಡಿದರು.

ಇಪ್ಪತ್ತೆರಡು ವರ್ಷದ ನಂತರ 'ಟು ದಿ ಲೈಟ್‌ಹೌಸ್' ಕಾದಂಬರಿ ಬಂತು. ಪ್ರಕಟವಾದದ್ದು 1927ರ ಮೇ 5ರಂದು, ಅಮ್ಮ ಸತ್ತ ದಿನವೇ. ಕತೆಯ ಎಳೆ ತೀರಾ ಸಣ್ಣದು. ದೀಪಸ್ತಂಭಕ್ಕೆ ಹೋಗಬೇಕೆಂದು ಆಸೆಪಡುವ ಪುಟ್ಟ ಹುಡುಗ, ಹವಾ ಸರಿ ಇರಲ್ಲ ಅನ್ನುವ ಅಪ್ಪ, ಹೋಗೋಣ ಬಿಡು ಅನ್ನುವ ಅಮ್ಮ. ಹೋಗುವುದು ಹತ್ತು ವರ್ಷದ ಮೇಲೆ, ಆಗ ಅಮ್ಮ ಇಲ್ಲ. ಇದರ ಬೀಜ ಎಲ್ಲಿತ್ತು ಗೊತ್ತೇ? ಸ್ಟೀಫನ್ ಮನೆಯ ಮಕ್ಕಳು ತಾವೇ ಕೈಬರಹದಲ್ಲಿ ಒಂದು ಮನೆ-ಪತ್ರಿಕೆ ನಡೆಸುತ್ತಿದ್ದರು. 1892ರ ಸೆಪ್ಟೆಂಬರ್‌ನಲ್ಲಿ ಅದರಲ್ಲಿ ಒಂದು ಪುಟ್ಟ ಸುದ್ದಿ: ದೀಪಸ್ತಂಭಕ್ಕೆ ದೋಣಿಯಲ್ಲಿ ಹೋಗಲು ತಮ್ಮ ಏಡ್ರಿಯನ್‌ನನ್ನು ಬಿಡಲಿಲ್ಲ, ಅವನಿಗೆ ಬಹಳ ನಿರಾಸೆಯಾಯಿತು. ಹತ್ತು ವರ್ಷದ ಹುಡುಗಿಯ ಮನೆ ಸುದ್ದಿ ಮೂವತ್ತೈದು ವರ್ಷದ ಮೇಲೆ ಕಾದಂಬರಿಯಾಯಿತು. ಓದಿದ ಅಕ್ಕ ವನೆಸ್ಸಾ, ಸ್ವತಃ ಚಿತ್ರಕಲಾವಿದೆ, ಅಮ್ಮ ಎದ್ದು ಬಂದಂತಿದೆ ಎನ್ನುವ ಅರ್ಥದಲ್ಲಿ ತಂಗಿಗೆ ಪತ್ರ ಬರೆದರು.

ವುಲ್ಫ್ ಕೊನೆಗಾಲದಲ್ಲಿ ಬರೆದ ನೆನಪಿನ ಬರಹದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅವರ ಮೊಟ್ಟಮೊದಲ ನೆನಪು ಕಪ್ಪು ಬಟ್ಟೆಯ ಮೇಲಿನ ಕೆಂಪು, ನೇರಳೆ ಹೂಗಳು. ಅದು ಅಮ್ಮನ ಉಡುಪು. ರೈಲೋ ಬಸ್ಸೋ, ಅಮ್ಮನ ತೊಡೆಯ ಮೇಲೆ ಕೂತಿದ್ದಾರೆ. ಸೇಂಟ್ ಐವ್ಸ್‌ಗೆ ಹೋಗುತ್ತಿದ್ದಿರಬಹುದು. ಆದರೆ ಬೆಳಕು ನೋಡಿದರೆ ಸಂಜೆಯಂತಿತ್ತು, ಬಹುಶಃ ಲಂಡನ್ನಿಗೆ ವಾಪಸ್ ಬರುತ್ತಿದ್ದೆವು ಅನ್ನುತ್ತಾರೆ. ಆಮೇಲೆ, ಬರೆಯಲು ಅನುಕೂಲವಾಗಲಿ, ಹೋಗುತ್ತಿದ್ದೆವು ಅಂತಲೇ ಇಟ್ಟುಕೊಳ್ಳೋಣ ಅಂತ ಮುಂದುವರಿಯುತ್ತಾರೆ. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೊ ಅಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಅಂತ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರ 'ರಿಮೆಂಬರಿಂಗ್' ಪುಸ್ತಕದಲ್ಲಿ ವಾದಿಸಿದ್ದರು. ವುಲ್ಫ್ ಅದನ್ನು ಓದುಗರ ಕಣ್ಣೆದುರೇ ಮಾಡಿ ತೋರಿಸಿದರು. ರೈಲಿನ ದಿಕ್ಕು ಬದಲಾಗಬಹುದು, ಹೂವಿನ ಬಣ್ಣ ಬದಲಾಗುವುದಿಲ್ಲ.

ನಲವತ್ತನಾಲ್ಕರ ತನಕ ಅಮ್ಮನ ದನಿ ತನಗೆ ಕೇಳಿಸುತ್ತಲೇ ಇತ್ತು, ಆ ಕಾದಂಬರಿ ಬರೆದ ಮೇಲೆ ನಿಂತುಹೋಯಿತು ಅಂತಲೂ ಅವರು ಹೇಳಿಕೊಂಡಿದ್ದಾರೆ. ಅಪ್ಪನ ಬಗ್ಗೆಯಂತೂ ಇನ್ನೂ ನೇರ. ಅವರು ಬದುಕಿದ್ದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ ಅನ್ನುವರ್ಥದ ಮಾತು 1928ರ ದಿನಚರಿಯಲ್ಲಿದೆ. ಹೆತ್ತವರ ನೆನಪು ಅಂದರೆ ಭಕ್ತಿ, ಹಾರ, ಊದುಬತ್ತಿ ಅಂತಲೇ ಅಂದುಕೊಂಡ ನಮಗೆ ಈ ಮಾತು ಸ್ವಲ್ಪ ಕಹಿ. ಇರಲಿ, ಅದೂ ನೆನಪೇ.

ಇನ್ನೊಂದು ಟೋಪಿ, ಇನ್ನೊಬ್ಬ ಸ್ಟೇಷನ್ ಮಾಸ್ಟರ್

ಇಷ್ಟಕ್ಕೇ ನಿಲ್ಲಿಸಿದರೆ ಇದು ಅನುಕೂಲಸ್ಥರ ಕತೆಯಾಗಿಬಿಡುತ್ತದೆ. ಜಮೀನ್ದಾರಿ ಮನೆಯ ಹುಡುಗನಿಗೆ ಹಿಮಾಲಯ, ಲಂಡನ್ನಿನ ವಿದ್ವಾಂಸರ ಮನೆಯ ಹುಡುಗಿಗೆ ಕಡಲು.

1901ರಲ್ಲಿ ಇನ್ನೊಂದು ಪ್ರಯಾಣ ನಡೆಯಿತು. ಸಾತಾರದಲ್ಲಿದ್ದ ಭೀಮರಾವ್ ಅಂಬೇಡ್ಕರ್‌ಗೆ ಆಗ ಒಂಬತ್ತು ವರ್ಷ. ತಾಯಿ ಆಗಲೇ ಇರಲಿಲ್ಲ. ತಂದೆ ರಾಮ್‌ಜಿ ಗೋರೆಗಾಂವ್‌ನಲ್ಲಿ, ಬರ ಪರಿಹಾರದ ಕೆರೆ ಕೆಲಸದ ಕ್ಯಾಷಿಯರ್. ರಜೆಗೆ ನನ್ನ ಬಳಿ ಬನ್ನಿ ಅಂತ ಮಕ್ಕಳಿಗೆ ಬರೆದರು. ಅಣ್ಣ, ತಾನು, ಅಕ್ಕನ ಮಕ್ಕಳು. ಮಕ್ಕಳಿಗೆ ಮೊದಲ ರೈಲು ಪ್ರಯಾಣ. ಹೊಸ ಅಂಗಿ, ಹೊಸ ಬೂಟು, ರೇಷ್ಮೆ ಅಂಚಿನ ಪಂಚೆ, ಮಿರಿಮಿರಿ ಮಿಂಚುವ ಟೋಪಿ. ಹೌದು, ಇಲ್ಲೂ ಟೋಪಿ. ಇಪ್ಪತ್ತೆಂಟು ವರ್ಷದ ಹಿಂದೆ ಬಂಗಾಳದ ಹುಡುಗನೊಬ್ಬ ಕೈಯಲ್ಲಿ ಹಿಡಿದು ಹೊರಟಿದ್ದನಲ್ಲ, ಆ ಸಂಭ್ರಮದಲ್ಲಿ ಇದೇನೂ ಕಡಿಮೆಯಿರಲಿಲ್ಲ.

ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಇವರು ಬರುವ ಸುದ್ದಿ ಅಪ್ಪನಿಗೆ ತಲುಪಿರಲಿಲ್ಲ. ಒಳ್ಳೆ ಬಟ್ಟೆ ತೊಟ್ಟ ಮಕ್ಕಳನ್ನು ನೋಡಿ ಸ್ಟೇಷನ್ ಮಾಸ್ಟರ್ ಬಂದು ವಿಚಾರಿಸಿದ. ನಾವು ಮಹಾರರು ಅಂದರು ಮಕ್ಕಳು, ಹಿಂದೆಮುಂದೆ ಯೋಚಿಸದೆ. ಅವನ ಮುಖ ಬದಲಾಯಿತು, ಎದ್ದು ಒಳಗೆ ಹೋದ. ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಜೊತೆಯಲ್ಲಿ ನಡೆದು ಬರುತ್ತಾನೆ. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ನೀರಿಲ್ಲದೆ ಊಟ ಮಾಡಲಾಗಲಿಲ್ಲ. ನಡುರಾತ್ರಿ ಸುಂಕದ ಕಟ್ಟೆಯಲ್ಲಿ, ಗಾ಼ಡಿಯವನು ಹೇಳಿಕೊಟ್ಟಂತೆ, ನಾವು ಮುಸಲ್ಮಾನರು ಅಂತ ಹೇಳಿ ನೀರು ಕೇಳಿದರು. ಅಲ್ಲೂ ಸಿಗಲಿಲ್ಲ. ಹಸಿದೇ ಮಲಗಿ, ಮರುದಿನ ಹನ್ನೊಂದರ ಹೊತ್ತಿಗೆ ಅಪ್ಪನ ಮನೆ ಮುಟ್ಟಿದರು.

1930ರ ದಶಕದ ಮಧ್ಯದಲ್ಲಿ ಅಂಬೇಡ್ಕರ್ ಇದನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದ ಮೊದಲ ಭಾಗವಾಗಿ ಬರೆದರು. ಅಸ್ಪೃಶ್ಯತೆ ಅಂದರೇನು ಅಂತ ಗೊತ್ತಿಲ್ಲದ ಹೊರದೇಶದವರಿಗೆ ತಿಳಿಸಲು. ಅದು ಪುಸ್ತಿಕೆಯಾಗಿ ಅಚ್ಚಾದದ್ದು 1990ರಲ್ಲಿ, ಅವರು ಹೋಗಿ ಮೂವತ್ತನಾಲ್ಕು ವರ್ಷಗಳ ಮೇಲೆ.

ಟ್ಯಾಗೋರರ ಪ್ಲಾಟ್‌ಫಾರಂ ದೃಶ್ಯವನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಕಡೆ ಹೊಸ ಬಟ್ಟೆ ತೊಟ್ಟ ಹುಡುಗ, ಎರಡೂ ಕಡೆ ಒಬ್ಬ ಸ್ಟೇಷನ್ ಮಾಸ್ಟರ್. ಅಲ್ಲಿ ಕೇಳಿದ್ದು ವಯಸ್ಸು, ಇಲ್ಲಿ ಜಾತಿ. ಅಲ್ಲಿ ಅವಮಾನಕ್ಕೆ ಪ್ರತಿಯಾಗಿ ಎಸೆಯಲು ಅಪ್ಪನ ಕೈಯಲ್ಲಿ ನಾಣ್ಯಗಳಿದ್ದವು, ಪಕ್ಕದಲ್ಲಿ ಅಪ್ಪ ಇದ್ದರು. ಇಲ್ಲಿ ದುಪ್ಪಟ್ಟು ಕೊಡುತ್ತೇವೆಂದರೂ ದುಡ್ಡು ನಡೆಯಲಿಲ್ಲ, ಅಪ್ಪ ದಾರಿಯ ಆ ತುದಿಯಲ್ಲಿ, ಏನೂ ಗೊತ್ತಿಲ್ಲದೆ. ಪ್ರಯಾಣ ಹೆತ್ತವರನ್ನು ತೋರಿಸುತ್ತದೆ ಅಂದೆನಲ್ಲ. ಈ ಪ್ರಯಾಣ ಆ ಹುಡುಗನಿಗೆ ತೋರಿಸಿದ್ದು ದೇಶವನ್ನು. ಮಕ್ಕಳಿಗೆ ಮಿಂಚುವ ಟೋಪಿ ಹೊಂದಿಸಿದ ಆ ಮನೆಯ ಪ್ರೀತಿ ಬರಹದ ಒಂದೆರಡು ಸಾಲಿನಲ್ಲಿ ಬಂದುಹೋಗುತ್ತದೆ. ಉಳಿದ ಜಾಗವನ್ನೆಲ್ಲ ನೀರು ನುಂಗಿದೆ. ಹೆತ್ತವರನ್ನು ನಿರಾಳವಾಗಿ ನೆನೆಯುವುದಕ್ಕೂ ಈ ದೇಶದಲ್ಲಿ ಜಾತಿಯ ಅನುಮತಿ ಬೇಕು.

ಆದರೆ ರಾಮ್‌ಜಿ ಮಗನ ಬದುಕಿನಲ್ಲಿ ಆ ಒಂದೆರಡು ಸಾಲಿನಷ್ಟೇ ಇದ್ದವರಲ್ಲ. ಮುಂಬೈಯ ಪರೇಲ್‌ನ ಒಂದೇ ಕೋಣೆಯ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ ಓದಲೆಂದು ಮಗನನ್ನು ರಾತ್ರಿ ಎರಡಕ್ಕೆ ಎಬ್ಬಿಸುವುದಕ್ಕಾಗಿ ಅಲ್ಲಿಯವರೆಗೆ ತಾವು ಎಚ್ಚರವಿರುತ್ತಿದ್ದರು ಅಂತ ಜೀವನಚರಿತ್ರೆಕಾರ ಧನಂಜಯ ಕೀರ್ ಬರೆಯುತ್ತಾರೆ. 1913ರ ಆರಂಭದಲ್ಲಿ ಅಂಬೇಡ್ಕರ್ ಬರೋಡಾದಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಅಪ್ಪನಿಗೆ ಹುಷಾರಿಲ್ಲ ಅಂತ ತಂತಿ ಬಂತು. ರೈಲು ಹತ್ತಿದರು. ದಾರಿಯಲ್ಲಿ ಸೂರತ್ ಸ್ಟೇಷನ್ನಿನಲ್ಲಿ ಅಪ್ಪನಿಗೆಂದು ಮಿಠಾಯಿ ಕೊಳ್ಳಲು ಇಳಿದರು. ಅಷ್ಟರಲ್ಲಿ ರೈಲು ಹೊರಟುಹೋಯಿತು. ಮರುದಿನ ಮುಂಬೈ ಮುಟ್ಟಿದಾಗ ರಾಮ್‌ಜಿಗೆ ಮಾತಾಡುವ ಶಕ್ತಿ ಉಳಿದಿರಲಿಲ್ಲ. ಮಗನ ಬೆನ್ನ ಮೇಲೆ ಕೈಯಾಡಿಸಿದರು, ಫೆಬ್ರುವರಿ 2ರಂದು ತೀರಿಕೊಂಡರು. ಇದನ್ನೂ ದಾಖಲಿಸಿದ್ದು ಕೀರ್.

ಅದೇ ವರ್ಷ ಅಂಬೇಡ್ಕರ್ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದರು. ಹತ್ತು ವರ್ಷದ ಮೇಲೆ, 1923ರಲ್ಲಿ, ಲಂಡನ್ನಿನಲ್ಲಿ ಅವರ 'ದಿ ಪ್ರಾಬ್ಲಂ ಆಫ್ ದಿ ರುಪೀ' ಪ್ರಕಟವಾಯಿತು. ರೂಪಾಯಿಯ ಮೌಲ್ಯ, ಚಿನ್ನದ ಪ್ರಮಾಣ, ಬೆಳ್ಳಿಯ ಬೆಲೆ ಕುರಿತ ಒಣ ಅರ್ಥಶಾಸ್ತ್ರದ ಪುಸ್ತಕ. ಅದರ ಅರ್ಪಣೆ ತಂದೆ-ತಾಯಿಯ ನೆನಪಿಗೆ, ತನ್ನ ಓದಿಗಾಗಿ ಅವರು ಮಾಡಿದ ತ್ಯಾಗಕ್ಕೆ.